ಗಾಳಿ ಬೇಕಂತೆ

ಆ ಮನೆಯಲ್ಲಿ ಅಪ್ಪ ಮಗಳು ಮಾತು ಬಿಟ್ಟಿದ್ದರು ಎಂದರೆ ಪೂರ್ತಿ ನಿಜವಾಗುವುದಿಲ್ಲ. ಆಡಬೇಕಾದ ಮಾತನ್ನು ಇಬ್ಬರೂ ತಾಯಿಯ ಕೈಗೆ ಕೊಟ್ಟು ಕಳಿಸುತ್ತಿದ್ದರು, ಅಷ್ಟೆ.

ಊಟದ ಮೇಜಿನ ಒಂದು ಬದಿಗೆ ಬಡಗಿ ಕೂರುತ್ತಿದ್ದ, ಎದುರಿಗೆ ಮಗಳು ಪುಟ್ಟಿ. ಅಡುಗೆಮನೆಯ ಕಡೆಗೆ ತಾಯಿ, ಕಿಟಕಿಯ ಕಡೆಗೆ ಬಡಗಿಯ ಅಮ್ಮ. ಉಪ್ಪಿನ ಡಬ್ಬಿ ಪುಟ್ಟಿಯ ಮೊಣಕೈ ಪಕ್ಕದಲ್ಲೇ ಇದ್ದರೂ ಬಡಗಿ ಹೆಂಡತಿಯ ಮುಖ ನೋಡುತ್ತಿದ್ದ. ತಾಯಿ, "ಉಪ್ಪು ಬೇಕಂತೆ" ಎನ್ನುತ್ತಿದ್ದಳು. ಪುಟ್ಟಿ ಡಬ್ಬಿಯನ್ನು ತಾಯಿಯ ಕಡೆ ತಳ್ಳುತ್ತಿದ್ದಳು, ತಾಯಿ ಗಂಡನ ಕಡೆ. ಅಜ್ಜಿಗೆ ಕಿವಿ ಮಂದ, ಕಣ್ಣು ಚುರುಕು. ಡಬ್ಬಿ ಮೇಜಿನ ಮೂರು ಮೂಲೆ ಸುತ್ತುವುದನ್ನು ನೋಡಿ ತುತ್ತು ನುಂಗುವ ಮೊದಲೇ ನಗುತ್ತಿದ್ದಳು. "ಈ ಮನೇಲಿ ಯಾರೂ ಏನೂ ಹೇಳೋದೇ ಇಲ್ಲ. ಬರೀ ಅಂತೆ. ಇವನು ಕೇಳಿದನಂತೆ, ಅವಳು ಕೊಟ್ಟಳಂತೆ. ನೀನು ಅಂಚೆ ಕಚೇರಿ ಸೇರಬೇಕಿತ್ತು ತಾಯಿ, ಪಿಂಚಣಿಯಾದರೂ ಬರೋದು."

ಇದು ಶುರುವಾದದ್ದು ಹಿಂದಿನ ವರ್ಷ. ಬಡಗಿ ಕೆಲಸ ಮಾಡುತ್ತಿದ್ದ ಪೀಠೋಪಕರಣದ ಕಾರ್ಖಾನೆಗೆ ಬೀಗ ಬಿದ್ದಿತ್ತು. ಅದೇ ವಾರ ಪುಟ್ಟಿ ಒಂದು ವಿಷಯದಲ್ಲಿ ಫೇಲಾಗಿ ಮನೆಗೆ ಬಂದಳು. ಬಂದವಳು ತಾಯಿಯ ತಮ್ಮ ಕೊಟ್ಟಿದ್ದ ಹಳೆಯ ಕಂಪ್ಯೂಟರಿನ ಮುಂದೆ ಕೂತು ಆಟ ಆಡತೊಡಗಿದಳು. ಅತ್ತಿದ್ದರೆ ಬಡಗಿ ಸುಮ್ಮನಿರುತ್ತಿದ್ದನೋ ಏನೋ. ಆಡುತ್ತಿದ್ದುದನ್ನು ನೋಡಲಾಗಲಿಲ್ಲ. ಕಟಿಂಗ್ ಪ್ಲೇಯರು ತಂದು, ಕರೆಂಟು ಹರಿಯುತ್ತಿದ್ದ ಹಾಗೇ ವೈರನ್ನು ಕತ್ತರಿಸಿಬಿಟ್ಟ. ಕಿಡಿ ಹಾರಿ ಮನೆಯ ಫ್ಯೂಸು ಹೋಯಿತು. ಕತ್ತಲಲ್ಲಿ ಎಲ್ಲರೂ ನಿಂತಿದ್ದಾಗ ಪುಟ್ಟಿ ಅಪ್ಪನಿಗೆ ಒಂದು ಮಾತೂ ಅನ್ನದೆ, "ಅಮ್ಮ, ಮೇಣದಬತ್ತಿ ಎಲ್ಲಿಟ್ಟಿದ್ದೀಯ?" ಎಂದು ಕೇಳಿದಳು. ಆ ಯಂತ್ರ ಮತ್ತೆ ಏಳಲಿಲ್ಲ. ಮಾತೂ ಏಳಲಿಲ್ಲ.

ಆಮೇಲೆ ಪುಟ್ಟಿ ಆ ವಿಷಯ ಪಾಸು ಮಾಡಿಕೊಂಡಳು. ಅಕ್ಕಪಕ್ಕದ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುವುದಕ್ಕೆ ಹಿಡಿದಳು. ಬಂದ ಹಣವನ್ನು ಚಿಲ್ಲರೆಯೂ ಬಿಡದೆ ಕೂಡಿಹಾಕಿ, ಈ ಸಲ ರಜೆ ಶುರುವಾದ ದಿನ, ತಾನೇ ಬಿಡಿಭಾಗ ಆರಿಸಿ ತಾನೇ ಜೋಡಿಸಿ ಒಂದು ಆಟದ ಕಂಪ್ಯೂಟರ್ ಮಾಡಿಕೊಳ್ಳುತ್ತೇನೆಂದು ತಾಯಿಗೆ ಹೇಳಿದಳು. ತಾಯಿ ಅದನ್ನು ವರಾಂಡಕ್ಕೆ ಹೋಗಿ ಗಂಡನಿಗೆ ಹೇಳಿದಳು. ಬಡಗಿ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಅವಳ ದುಡ್ಡು, ಅವಳಿಷ್ಟ" ಎಂದ. ತಾಯಿ ಒಳಗೆ ಬಂದು, "ಅಪ್ಪನಿಗೆ ಖುಷಿಯಾಯಿತಂತೆ" ಎಂದಳು.

ಹೀಗೆ ಮಾತಿಗೆ ನೀರು ಬೆರೆಸುವುದು ಅವಳಿಗೆ ಹೊಸದೇನೂ ಅಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರಿಗೆ ಕೂರುವ ಕೆಲಸ ಅವಳದು. ಒಳಗಿನಿಂದ ಡಾಕ್ಟರು, ಆ ಹಲ್ಲು ಉಳಿಯಲ್ಲ, ಕೀಳಲೇಬೇಕು ಅಂತ ಹೇಳಿ ಎಂದು ಕಳಿಸಿದರೆ, ಅವಳು ಹೊರಗೆ ಬಂದು, ಡಾಕ್ಟರು ಇನ್ನೊಂದು ಸಲ ನೋಡುತ್ತಾರಂತೆ ಎನ್ನುತ್ತಿದ್ದಳು. ನೋವಾಗುತ್ತದೆಯೇ ಎಂದು ಕೇಳಿದವರಿಗೆಲ್ಲ ಇರುವೆ ಕಚ್ಚಿದ ಹಾಗೆ ಎನ್ನುತ್ತಿದ್ದಳು. ಕೆನ್ನೆ ಊದಿಸಿಕೊಂಡು ಹೋಗುವವರು ಕೂಡ ಅವಳಿಗೆ ಕೈಮುಗಿದೇ ಹೋಗುತ್ತಿದ್ದರು. ನೀವಿಲ್ಲದಿದ್ದರೆ ಇಲ್ಲಿಗೆ ಯಾರೂ ಬರುತ್ತಿರಲಿಲ್ಲ ಎಂದು ಡಾಕ್ಟರೇ ಒಮ್ಮೆ ಹೇಳಿದ್ದರು.

ಪುಟ್ಟಿ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಮೇಜಿನ ತುದಿಯಲ್ಲಿ ಕೂತು ಭಾಗಗಳನ್ನು ಆರಿಸುವುದು, ತಾಯಿ ಎದುರಿಗೆ ಕೂತು ಹುರುಳಿಕಾಯಿ ಮುರಿಯುವುದು, ಇದು ದಿನದ ಕೆಲಸವಾಯಿತು. ಇದ್ದ ಹಣ ಚಿಕ್ಕ ಹೊದಿಕೆಯ ಹಾಗೆ. ತಲೆಗೆ ಎಳೆದುಕೊಂಡರೆ ಕಾಲು ಬರಿದು. ಪ್ರೊಸೆಸರು ಹೊಸದು ಬೇಡ, ಎರಡು ವರ್ಷ ಹಳೆಯ ಮಾದರಿಯಾದರೆ ಅರ್ಧಕ್ಕೆ ಬರುತ್ತದೆ ಎಂದು ಒಂದು ದಿನ ತೀರ್ಮಾನವಾಗುತ್ತಿತ್ತು. ಮರುದಿನ ಅದಕ್ಕೆ ಹೊಂದುವ ಮದರ್ ಬೋರ್ಡಿನ ಬೆಲೆ ನೋಡಿ ತೀರ್ಮಾನ ತಲೆಕೆಳಗಾಗುತ್ತಿತ್ತು. ಆಟದ ಚಿತ್ರಗಳನ್ನು ಬಿಡಿಸುವುದೇ ಗ್ರಾಫಿಕ್ಸ್ ಕಾರ್ಡು, ಹಣದ ಮುಕ್ಕಾಲು ಪಾಲು ತಿನ್ನುವುದೂ ಅದೇ. ಉಳಿದವರೆಲ್ಲ ಅರೆಹೊಟ್ಟೆಯಲ್ಲಿದ್ದು ಅದಕ್ಕೆ ಬಡಿಸಬೇಕು ಎಂದು ಪುಟ್ಟಿ ವಿವರಿಸಿದಾಗ ತಾಯಿಗೆ ಚೆನ್ನಾಗಿ ಅರ್ಥವಾಯಿತು. ಅಂಥ ಮನೆಗಳನ್ನು ಅವಳು ನೋಡಿದ್ದಳು.

"ಮದರ್ ಬೋರ್ಡ್ ಅಂದರೆ?"

"ಎಲ್ಲ ಭಾಗಾನೂ ಅದರ ಮೇಲೇ ಕೂರೋದಮ್ಮ. ಒಂದರ ಮಾತು ಇನ್ನೊಂದಕ್ಕೆ ಹೋಗಬೇಕಾದರೆ ಅದರ ಮೂಲಕವೇ ಹೋಗಬೇಕು."

ವರಾಂಡದಲ್ಲಿ ಯಾರದೋ ಕಿಟಕಿಯ ಚೌಕಟ್ಟಿಗೆ ಕೀಸುಳಿ ಹಿಡಿಯುತ್ತಿದ್ದ ಬಡಗಿ ಅಲ್ಲಿಂದಲೇ ಹೆಂಡತಿಯನ್ನು ಕೇಳಿದ, "ತಾಯಿ ಹಲಗೆ ಅಂದಳಾ? ಯಾವ ಮರದ್ದಂತೆ?"

ಪುಟ್ಟಿಯ ತುಟಿ ಒಂದು ಕ್ಷಣ ಸಡಿಲವಾಯಿತು. ಅಜ್ಜಿ ನೋಡಿದಳು, ತಾಯಿಯೂ ನೋಡಿದಳು. ಆದರೆ ಪುಟ್ಟಿ ಬೇಗ ಮುಖ ಗಂಟು ಹಾಕಿಕೊಂಡು, ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು, ಕರೆಂಟಿನ ಜೊತೆ ಆಟವಾಡಿದರೆ ಎಲ್ಲ ಸುಟ್ಟುಹೋಗುತ್ತದೆ ಎಂದು ವರಾಂಡಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಕೀಸುಳಿಯ ಸದ್ದು ನಿಂತಿತು.

ಕೊನೆಗೆ ಉಳಿದದ್ದು ಕ್ಯಾಬಿನೆಟ್ಟು. ಎಲ್ಲವನ್ನೂ ಒಳಗಿಟ್ಟು ಮುಚ್ಚುವ ಡಬ್ಬ. ಅಗ್ಗದ ತಗಡಿನದೊಂದು ಸಾಕು ಎಂದು ಪುಟ್ಟಿ ಹೇಳಿದ್ದು ಬಡಗಿಯ ಕಿವಿಗೆ ಬಿತ್ತು. ಸಂಜೆ ಚಹಾ ಕುಡಿಯುವಾಗ ಹೆಂಡತಿಗೆ ಹೇಳಿದ: "ಬಡಗಿ ಮನೇಲಿ ತಗಡಿನ ಡಬ್ಬ ಯಾಕೆ? ಮರದ್ದು ನಾನು ಮಾಡಿಕೊಡ್ತೀನಿ ಅಂತ ಹೇಳು. ಆ ದುಡ್ಡು ಕಾರ್ಡಿಗೆ ಹಾಕಿಕೊಳ್ಳಲಿ."

ಅವನು ಕಪ್ಪು ಕೆಳಗಿಟ್ಟು ತನ್ನ ಅಂಗೈ ನೋಡಿಕೊಂಡ ರೀತಿಯಿಂದಲೇ ತಾಯಿಗೆ ತಿಳಿಯಿತು, ಇದು ಬರೀ ಡಬ್ಬದ ಮಾತಲ್ಲ ಎಂದು. ಒಂದು ವರ್ಷದಲ್ಲಿ ಮೊದಲ ಸಲ ಅವನಾಗಿ ಒಂದು ಹೆಜ್ಜೆ ಇಟ್ಟಿದ್ದ.

ಒಳಗೆ ಬಂದು ಹೇಳಿದಳು. ಪುಟ್ಟಿ ಕೇಳಿಸಿಕೊಂಡು, "ಮರದ್ದಾ? ಮರ ಬಿಸಿ ಹಿಡ್ಕೊಂಡು ಕೂರುತ್ತೆ, ಒಳಗಿರೋದೆಲ್ಲ ಬೆಂದುಹೋಗುತ್ತೆ. ಬೇಡ ಅಂತ ಹೇಳು" ಎಂದಳು. ಇನ್ನೂ ಒಂದು ಮಾತು ಸೇರಿಸಿದಳು: "ಇವತ್ತು ಮಾಡಿಕೊಡ್ತಾರೆ, ನಾಳೆ ಸಿಟ್ಟು ಬಂದರೆ ಗರಗಸ ಹಾಕ್ತಾರೆ."

ಅಡುಗೆಮನೆಯಿಂದ ವರಾಂಡಕ್ಕೆ ಹತ್ತಾರು ಹೆಜ್ಜೆಯ ದಾರಿ. ಅಷ್ಟರಲ್ಲಿ ತಾಯಿಯ ಬಾಯಲ್ಲಿ ಮಾತು ಬೇರೆ ಆಕಾರ ತಾಳಿತು. ಬಡಗಿ ಕತ್ತೆತ್ತಿ ಕಾಯುತ್ತಿದ್ದ.

"ಬಿಸಿ ಆಗುತ್ತಂತೆ," ಎಂದಳು. "ಗಾಳಿ ಬೇಕಂತೆ."

ಬಡಗಿಯ ಮುಖ ಅರಳಿತು. "ಗಾಳಿ ತಾನೆ? ಕೊಡೋಣ. ಮೂರು ಕಡೆ ಸೀಳು ಬಿಟ್ಟರಾಯಿತು. ಅಷ್ಟಕ್ಕೆ ಒಪ್ಪಿದಳಾ?"

"ಒಪ್ಪದೆ ಏನು."

ಒಳಗೆ ಬಂದು ಪುಟ್ಟಿಗೆ, "ಹೇಳಿದೀನಿ ಬಿಡು" ಎಂದಳು. ಅದು ಸುಳ್ಳೂ ಅಲ್ಲ.

ಅಲ್ಲಿಂದ ಮುಂದೆ ಪುಟ್ಟಿಯ ಒಂದೊಂದು ಗೊಣಗಾಟವೂ ವರಾಂಡ ತಲುಪುವ ಹೊತ್ತಿಗೆ ಒಂದೊಂದು ಅಳತೆಯಾಯಿತು. ನನ್ನ ಮೇಜಿನ ಮೇಲೆ ಅವರ ಬೀರು ಇಡೋಕೆ ಜಾಗವಿಲ್ಲ ಎಂದದ್ದು, ಚಿಕ್ಕದಾಗಿರಲಂತೆ ಎಂದಾಯಿತು. ಅಂಗಡಿಯಲ್ಲಿ ಗಾಜಿನ ಬದಿಯ ಡಬ್ಬಗಳಿವೆ, ಒಳಗಿನ ದೀಪ ಹೊರಗೆ ಕಾಣುತ್ತದೆ, ಅಂಥದ್ದೇ ಬೇಕು ಎಂದದ್ದು, ಒಂದು ಬದಿಗೆ ಗಾಜು ಹಾಕಿದರೆ ಚೆಂದವಂತೆ ಎಂದಾಯಿತು. ಕಾರ್ಡು ಎಷ್ಟು ಉದ್ದ ಎಂದು ಬಡಗಿ ಕೇಳಿದಾಗ ತಾಯಿ ಪುಟ್ಟಿಯ ಹತ್ತಿರ ಏನೋ ನೆಪ ಹೇಳಿ ಕೇಳಿಕೊಂಡು ಬಂದು, ಒಂದು ಗೇಣು ಎಂದಳು.

"ಯಾರ ಗೇಣು? ನಿನ್ನದಾ, ಅವಳದಾ?"

"ನನ್ನದೇ ಅಂದುಕೊಳ್ಳಿ."

"ಅಂದುಕೊಂಡು ಮರ ಕೊಯ್ಯೋಕಾಗುತ್ತಾ?" ಎಂದು ಅವನು ನಕ್ಕು, ಹೆಂಡತಿಯ ಕೈ ಹಿಡಿದು, ಬೆರಳುಗಳನ್ನು ಹಲಗೆಯ ಮೇಲೆ ಚಾಚಿಸಿ, ಪೆನ್ಸಿಲಿನಿಂದ ಎರಡು ಗೆರೆ ಎಳೆದುಕೊಂಡ. ಎಷ್ಟೋ ವರ್ಷಗಳಾಗಿದ್ದವು ಅವನು ಹಾಗೆ ಅವಳ ಕೈ ಹಿಡಿದು. ತಾಯಿ ಬೆರಳುಗಳನ್ನು ಸ್ವಲ್ಪ ಹೊತ್ತು ಅಲ್ಲೇ ಬಿಟ್ಟಳು.

ಗರಗಸದ ಸದ್ದು ಏನೆಂದು ಪುಟ್ಟಿ ಕೇಳಿದಾಗ, ಯಾರದೋ ಆರ್ಡರಂತೆ ಎಂದಳು.

ಒಂದು ಬೆಳಿಗ್ಗೆ ಅವಳು ವರಾಂಡಕ್ಕೆ ಚಹಾ ತೆಗೆದುಕೊಂಡು ಹೋದಾಗ ಬಡಗಿ ಕೆಲಸ ನಿಲ್ಲಿಸಿ ಕೂತಿದ್ದ. ಚಹಾ ಕೈಗೆ ತೆಗೆದುಕೊಂಡ, ಕುಡಿಯಲಿಲ್ಲ. ಸುರುಳಿ ಸುರುಳಿಯಾಗಿ ಬಿದ್ದಿದ್ದ ಮರದ ಹೊಟ್ಟನ್ನು ಕಾಲಿನಿಂದ ಆಚೀಚೆ ಸರಿಸುತ್ತ ನೆಲಕ್ಕೇ ಹೇಳುವವನಂತೆ ಹೇಳಿದ.

"ಅವತ್ತು ವೈರು ಕತ್ತರಿಸಿದ್ದು ತಪ್ಪಾಯಿತು ಅಂತ ಅವಳಿಗೆ ಹೇಳು. ಕಾರ್ಖಾನೆ ಮೇಲಿನ ಸಿಟ್ಟು ಅವಳ ಮೇಲೆ ತೀರಿಸಿದೆ. ನಾನು ಹೇಳಿದೆ ಅಂತಲೇ ಹೇಳು. ನಿನ್ನ ಮಾತಿನ ಹಾಗೆ ಹೇಳಬೇಡ."

ತಾಯಿ ತಲೆಯಾಡಿಸಿದಳು. ತುಂಬಿದ ಪಾತ್ರೆ ಹಿಡಿದು ನಡೆಯುವವಳ ಹಾಗೆ ನಡೆದು ಒಳಗೆ ಬಂದಳು. ಪುಟ್ಟಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರೊಡನೆಯೋ ಭಾಗಗಳ ಬೆಲೆ ಮಾತಾಡುತ್ತಿದ್ದಳು. ತಾಯಿ ಬಾಗಿಲಲ್ಲಿ ನಿಂತದ್ದನ್ನು ನೋಡಿ, ಆಮೇಲೆ ಎಂದು ಕೈಸನ್ನೆ ಮಾಡಿದಳು. ತಾಯಿ ಒಲೆಯ ಮುಂದೆ ಹೋಗಿ ನಿಂತಳು. ಈಗ ಹೇಳಿದರೆ ಇವಳೇನನ್ನುತ್ತಾಳೆ? ಹೇಳಿ ಕಳಿಸೋದಾ, ಅವರಿಗೇ ಬಾಯಿಲ್ವಾ ಎಂದುಬಿಟ್ಟರೆ? ಅದನ್ನು ಮತ್ತೆ ವರಾಂಡಕ್ಕೆ ಹೇಗೆ ಒಯ್ಯುವುದು? ಕ್ಲಿನಿಕ್ಕಿನಲ್ಲೂ ಅವಳು ಹೊತ್ತು ನೋಡಿಯೇ ಹೇಳುತ್ತಿದ್ದಳು. ನಾಳೆ ಇವಳು ಒಳ್ಳೆಯ ಮನಸ್ಸಿನಲ್ಲಿರುವಾಗ ಹೇಳೋಣ ಎಂದುಕೊಂಡಳು. ಮರುದಿನ ಪುಟ್ಟಿಗೆ ತಲೆನೋವು. ಅದರ ಮರುದಿನ ಕ್ಲಿನಿಕ್ಕಿನಿಂದ ಬರುವಾಗಲೇ ಹೊತ್ತಾಗಿತ್ತು. ನಾಲ್ಕನೆಯ ದಿನಕ್ಕೆ ಆ ಮಾತನ್ನು ಎತ್ತುವುದಕ್ಕೇ ಅವಳಿಗೆ ನಾಚಿಕೆಯಾಗತೊಡಗಿತು.

ಕಾರಣ ಇಷ್ಟೇ ಆಗಿದ್ದರೆ ಬರೀ ಹೆದರಿಕೆ ಎನ್ನಬಹುದಿತ್ತು. ಆದರೆ ಎರಡು ಕೋಣೆಗಳಿಂದ ಒಂದೇ ಹೊತ್ತಿಗೆ ಒಂದು ಕಡೆ "ಅಮ್ಮ" ಎಂದೂ ಇನ್ನೊಂದು ಕಡೆ "ಏ, ಇಲ್ಲಿ ಬಾ" ಎಂದೂ ಕರೆ ಬರುವುದು ಈ ಒಂದು ವರ್ಷದಲ್ಲಿ ಅವಳಿಗೆ ಒಗ್ಗಿಹೋಗಿತ್ತು. ಅದಕ್ಕೆ ಮೊದಲು ಅಪ್ಪ ಮಗಳು ಸೇರಿದರೆ ಅವಳು ಒಳಗೆ ಪಾತ್ರೆ ತೊಳೆಯುತ್ತ ಅವರ ನಗು ಕೇಳಿಸಿಕೊಳ್ಳುತ್ತಿದ್ದವಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ತನಗೂ ಹೇಳಿಕೊಳ್ಳಲಿಲ್ಲ.

ಬಡಗಿ ಕೇಳಿದ, "ಹೇಳಿದೆಯಾ?"

"ಹೇಳಿದೆ."

"ಏನಂದಳು?"

"ಏನೂ ಅನ್ನಲಿಲ್ಲ. ಸುಮ್ಮನೆ ಕೂತಿದ್ದಳು."

ಬಡಗಿ ಕೀಸುಳಿ ಕೆಳಗಿಟ್ಟ. "ಸುಮ್ಮನಿದ್ದಳಾ? ಸಾಕು. ಅಷ್ಟೇ ಸಾಕು" ಎಂದ. ಎದ್ದು ಒಳಗೆ ಹೋಗಿ ಮಂಚದ ಕೆಳಗಿನಿಂದ ತೇಗದ ಹಲಗೆಯನ್ನು ಎಳೆದು ಹೊರಗೆ ತಂದ. ಕಾರ್ಖಾನೆ ಮುಚ್ಚಿದ ದಿನ ಮೇಸ್ತ್ರಿ ಅವನಿಗೆಂದೇ ತೆಗೆದಿಟ್ಟು ಕೊಟ್ಟ ಹಲಗೆ ಅದು. ಎಷ್ಟು ಜನ ಕೇಳಿದರೂ ಅವನು ಅದರ ಮೇಲೆ ಉಳಿ ಇಟ್ಟಿರಲಿಲ್ಲ. ಅಲ್ಲಿಯವರೆಗೆ ಸಾಧಾರಣ ಮರದಲ್ಲಿ ಮಾಡಿದ್ದನ್ನು ಪಕ್ಕಕ್ಕೆ ಸರಿಸಿ ತೇಗದಲ್ಲಿ ಮೊದಲಿನಿಂದ ಶುರುಮಾಡಿದ. ಹಲಗೆ ಹೊರಗೆ ಹೋಗುವುದನ್ನು ನೋಡಿ ಅಜ್ಜಿ, "ಅದನ್ನು ಯಾಕೆ ತೆಗೆದನಂತೆ? ನನ್ನ ಚಟ್ಟಕ್ಕಾ? ನಾನಿನ್ನೂ ಗಟ್ಟಿಯಾಗೇ ಇದ್ದೀನಲ್ಲ" ಎಂದಳು. ಎಲ್ಲರೂ ನಕ್ಕರು. ತಾಯಿ ನಗುತ್ತಲೇ ಅಡುಗೆಮನೆಗೆ ಹೋಗಿ ಕದದ ಹಿಂದೆ ನಿಂತಳು.

ಇನ್ನು ಪುಟ್ಟಿ ಅಂಗಡಿಯಿಂದ ತಗಡಿನ ಡಬ್ಬ ತರಿಸದ ಹಾಗೆ ತಡೆಯಬೇಕಿತ್ತು. "ಡಬ್ಬದ ಚಿಂತೆ ನನಗೆ ಬಿಡು. ನೀನು ಬೇರೆಯದನ್ನು ನೋಡಿಕೋ" ಎಂದಳು. ಅಮ್ಮ ತನ್ನ ಸಂಬಳದಲ್ಲಿ ಕೊಡಿಸುತ್ತಾಳೆಂದು ಪುಟ್ಟಿ ತಿಳಿದಳು. ಹಿಂದಿನಿಂದ ಬಂದು ಕುತ್ತಿಗೆ ತಬ್ಬಿ, ನೀನೊಬ್ಬಳೇ ನನ್ನ ಕಡೆ ಎಂದಳು. ಡಬ್ಬಕ್ಕೆ ಎತ್ತಿಟ್ಟಿದ್ದ ಹಣವನ್ನು ಕಾರ್ಡಿನ ಹಣಕ್ಕೆ ಸೇರಿಸಿದಳು. ಮುಚ್ಚುತ್ತಿದ್ದ ಒಂದು ಗೇಮ್ ಪಾರ್ಲರಿನವನು ಮಾರಲಿಟ್ಟಿದ್ದ ಕಾರ್ಡನ್ನು ಅಲ್ಲೇ ಓಡಿಸಿ ನೋಡಿ, ಚೌಕಾಸಿ ಮಾಡಿ, ಟವೆಲಿನಲ್ಲಿ ಸುತ್ತಿ ಎಳೆಮಗುವಿನ ಹಾಗೆ ಎತ್ತಿಕೊಂಡು ಬಂದಳು.

ಟವೆಲು ಬಿಚ್ಚಿದಾಗ ತಾಯಿಗೆ ಮೊದಲು ಕಂಡದ್ದು ಅದರ ಉದ್ದ.

"ನೀನು ಹೇಳಿದ್ದು ಒಂದು ಗೇಣು ಅಂತ ಅಲ್ವಾ?"

"ಅದು ಒಂದೇ ಫ್ಯಾನಿನ ಕಾರ್ಡು. ಇದಕ್ಕೆ ಮೂರು. ನಿನ್ನ ದಯೆಯಿಂದ" ಎಂದು ಪುಟ್ಟಿ ನಕ್ಕಳು. "ಡಬ್ಬ ದೊಡ್ಡದು ತಗೋ, ಅಷ್ಟೆ."

ತಾಯಿ ವರಾಂಡಕ್ಕೆ ಹೋದಳು. ಹೇಳಬೇಕೆಂದೇ ಹೋದಳು. ಪೆಟ್ಟಿಗೆಯ ಮೂಲೆಗಳು ಆಗಲೇ ಬೆಸೆದುಕೊಂಡಿದ್ದವು; ಒಂದೇ ಒಂದು ಮೊಳೆಯಿಲ್ಲದೆ, ಕೈಬೆರಳುಗಳನ್ನು ಹೆಣೆದ ಹಾಗೆ ಹಲ್ಲಿಗೆ ಹಲ್ಲು ಕೂರಿಸಿದ್ದ. ಅಂಟು ಒಣಗಲೆಂದು ಹಗ್ಗ ಬಿಗಿದಿತ್ತು. ಗಾಳಿಗೆ ಬಿಟ್ಟ ಸೀಳುಗಳು ಬಾಚಣಿಗೆಯ ಹಲ್ಲಿನಷ್ಟು ಸಮ. ಬಡಗಿ ಅದರ ಸುತ್ತ ಒಂದು ಸುತ್ತು ಬಂದು, "ಹೇಗಿದೆ?" ಎಂದ. ಅವಳು ಚೆನ್ನಾಗಿದೆ ಎಂದಳು. ಒಳಗೆ ಸ್ವಲ್ಪ ಜಾಗ ಹೆಚ್ಚು ಬಿಟ್ಟಿದ್ದೀರಲ್ಲ ಎಂದು ಕೇಳಿದಳು. ಎರಡು ಬೆರಳು ಬಿಟ್ಟಿದ್ದೇನೆ ಎಂದ. ಎರಡು ಬೆರಳಿನಲ್ಲಿ ಹೇಗೋ ಹಿಡಿಸೀತು ಎಂದುಕೊಂಡು ಅವಳು ಒಳಗೆ ಬಂದಳು. ಹೇಗೋ ಎನ್ನುವ ಮಾತಿನ ಮೇಲೆಯೇ ಅವಳು ಇಷ್ಟು ವರ್ಷ ಸಂಸಾರ ನಡೆಸಿದ್ದಳು.

ಎಲ್ಲ ಭಾಗಗಳೂ ಬಂದು ಸೇರಿದ ದಿನ ಮನೆಯವರು ಅಡುಗೆಮನೆಯ ನೆಲದಲ್ಲಿ ಕೂತು ಊಟ ಮಾಡಬೇಕಾಯಿತು. ಮೇಜು ಪುಟ್ಟಿಯ ವಶವಾಗಿತ್ತು. ಮದರ್ ಬೋರ್ಡನ್ನು ಅದು ಬಂದಿದ್ದ ರಟ್ಟಿನ ಡಬ್ಬದ ಮೇಲೇ ಮಲಗಿಸಿ, ಉಸಿರು ಬಿಗಿಹಿಡಿದು ಪ್ರೊಸೆಸರು ಕೂರಿಸಿದಳು. ರ್‍ಯಾಮ್ ಪಟ್ಟಿಗಳನ್ನು ಬಲವಾಗಿ ಒತ್ತಿ ಕೂರಿಸಿದಾಗ ಅಜ್ಜಿ, ಮುರಿದೆಯಾ ಎಂದು ಕೇಳಿದಳು. ಗುಂಡಿ ಒತ್ತಿದಾಗ ಮೊದಲು ಏನೂ ಆಗಲಿಲ್ಲ. ಪವರ್ ಸಪ್ಲೈಯ ಹಿಂದಿನ ಸ್ವಿಚ್ಚು ಹಾಕುವುದನ್ನೇ ಮರೆತಿದ್ದಳು. ಹಾಕಿದ ಮೇಲೆ ಮೂರು ಫ್ಯಾನುಗಳೂ ತಿರುಗಿದವು. ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಪುಟ್ಟಿ ಕುರ್ಚಿಯ ಮೇಲೆ ಹಿಂದಕ್ಕೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಬಡಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಿಂತಿದ್ದವನು ಹೊರಟುಹೋದ. ಬಂದಾಗ ಅವನ ಕೈಯಲ್ಲಿ ಪೆಟ್ಟಿಗೆಯಿತ್ತು. ಭಾನುವಾರ ಕೊಡೋಣ ಎಂದು ತಾಯಿ ಹೇಳಿದ್ದಳು. ಅವನಿಂದ ಅಷ್ಟು ತಡೆಯಲಾಗಲಿಲ್ಲ.

ಪೆಟ್ಟಿಗೆಯನ್ನು ಮೇಜಿನ ಖಾಲಿ ತುದಿಯಲ್ಲಿಟ್ಟು ಅಂಗಿಯ ತೋಳಿನಿಂದ ಗಾಜು ಒರೆಸಿದ. ಪುಟ್ಟಿ ಅದನ್ನು ನೋಡಿದಳು. ತಾಯಿಯನ್ನು ನೋಡಿದಳು.

"ಯಾರದ್ದು ಇದು?"

"ನಿನ್ನದೇ," ಎಂದಳು ತಾಯಿ. "ಅಪ್ಪ ನಿನಗಂತಲೇ ಮಾಡಿದ್ದು."

ಪುಟ್ಟಿ ಕೈ ಚಾಚಿ ಸೀಳುಗಳ ಮೇಲೆ ಬೆರಳು ಆಡಿಸಿದಳು. ಮೂಲೆಯ ಬೆಸುಗೆಯನ್ನು ಉಗುರಿನಿಂದ ಮುಟ್ಟಿ ನೋಡಿದಳು. ಉಗುರಿಗೆ ಸಂದು ಸಿಗಲಿಲ್ಲ. ಅವಳ ಮುಖ ಸಣ್ಣ ಹುಡುಗಿಯ ಮುಖದ ಹಾಗಾದದ್ದನ್ನು ತಾಯಿ ನೋಡಿದಳು. ಆಯಿತು, ದಡ ಸೇರಿತು ಎಂದುಕೊಂಡಳು. ಪುಟ್ಟಿ ಯಂತ್ರ ಆರಿಸಿ, ಕಾರ್ಡನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಇಳಿಸಿದಳು. ಒಂದು ತುದಿ ಇಳಿಯಿತು. ಇನ್ನೊಂದು ತುದಿ ಅಂಚಿನ ಮೇಲೇ ನಿಂತಿತು. ಓರೆ ಮಾಡಿ ನೋಡಿದಳು, ತಿರುಗಿಸಿ ನೋಡಿದಳು.

ಬಡಗಿ ಮಾತು ಬಿಟ್ಟಿದ್ದನ್ನು ಮರೆತು ಮಗಳನ್ನು ನೇರವಾಗಿ ಕೇಳಿದ. "ನೀನು ಹೇಳಿದ ಅಳತೆಗೇ ಮಾಡಿದ್ದಲ್ವಾ?"

"ನಾನು ಯಾವ ಅಳತೆ ಹೇಳಿದೆ?"

"ಒಂದು ಗೇಣು ಅಂದೆಯಂತೆ. ಚಿಕ್ಕದಾಗಿರಲಿ ಅಂದೆಯಂತೆ. ಗಾಜು ಬೇಕು, ಗಾಳಿ ಬೇಕು..."

"ಮರದ್ದು ಬೇಡ ಅಂದಿದ್ದೆ. ನಾನು ಅಂದದ್ದು ಅಷ್ಟೇ." ಪುಟ್ಟಿಯ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದೇನೆಂದು ಅವಳಿಗೇ ಅರ್ಥವಾಗುತ್ತಿರಲಿಲ್ಲ.

ಬಡಗಿ ಹೆಂಡತಿಯ ಕಡೆ ನೋಡಿದ. ಮತ್ತೆ ಪೆಟ್ಟಿಗೆಯ ಕಡೆ ತಿರುಗಿ, "ಹೋಗಲಿ. ಹಿಂದಿನ ಬದಿ ಕತ್ತರಿಸಿ ಒಂದು ತುಂಡು ಸೇರಿಸ್ತೀನಿ. ಸರಿಹೋಗುತ್ತೆ" ಎಂದ.

"ಬೇಡ. ಕತ್ತರಿಸೋದು ಬೇಡ" ಎಂದಳು ಪುಟ್ಟಿ. ಅವಳ ಅಂಗೈ ಇನ್ನೂ ಪೆಟ್ಟಿಗೆಯ ಮೇಲೇ ಇತ್ತು.

ಆ ಅಂಗೈಯನ್ನು ತಾಯಿ ನೋಡಿದಳು. ಬಡಗಿ ನೋಡಲಿಲ್ಲ. ಅವನ ಕಿವಿಗೆ ಬಿದ್ದದ್ದು ಕತ್ತರಿಸುವ ಮಾತೊಂದೇ. ಮುಖ ಕೆಂಪಾಯಿತು.

"ಅದಕ್ಕೆ ತಪ್ಪಾಯಿತು ಅಂತ ಹೇಳಿ ಕಳಿಸಿದ್ದೆನಲ್ಲ. ಇನ್ನೂ ಎಷ್ಟು ಸಲ ಕೇಳಬೇಕು ನಾನು?"

"ಯಾವುದಕ್ಕೆ?"

"ಆ ವೈರಿಗೆ."

"ಯಾವಾಗ ಹೇಳಿ ಕಳಿಸಿದಿರಿ?"

ಕಿಟಕಿಯ ಹತ್ತಿರ ಕೂತಿದ್ದ ಅಜ್ಜಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ತಿರುಗಿಸುತ್ತ, "ಏನಂತೆ? ಏನಂತೆ ಅದು?" ಎಂದು ಸೊಸೆಯನ್ನೇ ಕೇಳಿದಳು.

ಬಡಗಿ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋದ. ಪುಟ್ಟಿ ಕಾರ್ಡನ್ನು ಟವೆಲಿನ ಮೇಲಿಟ್ಟು ತಾಯಿಯ ಹತ್ತಿರ ಬಂದು ನಿಂತಳು. "ಹೇಳಬೇಕಿತ್ತಮ್ಮ," ಎಂದಳು. "ಬೇರೆ ಎಲ್ಲ ಬಿಡು. ಅದೊಂದನ್ನ ಹೇಳಬೇಕಿತ್ತು."

ತಾಯಿ ತನ್ನ ಸಂಬಳದಲ್ಲಿ ತಗಡಿನ ಡಬ್ಬ ತಂದುಕೊಟ್ಟಳು, ಗಾಜಿನ ಬದಿಯದು, ಮೂರು ಫ್ಯಾನಿನ ಕಾರ್ಡು ಹಿಡಿಯುವಂಥದ್ದು. ಪುಟ್ಟಿ ಥ್ಯಾಂಕ್ಸ್ ಅಮ್ಮ ಎಂದು ತೆಗೆದುಕೊಂಡಳು. ಮರದ ಪೆಟ್ಟಿಗೆಯನ್ನು ತನ್ನ ಮಾತ್ರೆ ಇಟ್ಟುಕೊಳ್ಳಲು ಅಜ್ಜಿ ಕೇಳಿದಳು. ಬಡಗಿ ಕೊಡಲಿಲ್ಲ. ಅದನ್ನು ವರಾಂಡದ ಅಟ್ಟದ ಮೇಲೆ ಗಾಜಿನ ಬದಿ ಗೋಡೆಗೆ ಬರುವ ಹಾಗೆ ಇಟ್ಟುಬಿಟ್ಟ. ಮೇಜು ಮತ್ತೆ ಊಟದ ಮೇಜಾಯಿತು. ಉಪ್ಪು ಬೇಕಾದರೆ ಬಡಗಿ ಈಗ ತಾನೇ ಎದ್ದು, ಕೈ ಚಾಚಿ ತೆಗೆದುಕೊಳ್ಳುತ್ತಿದ್ದ. ಯಾರೂ ಯಾರಿಗೂ ಏನೂ ಹೇಳಿ ಕಳಿಸುತ್ತಿರಲಿಲ್ಲ. ತಾಯಿ ಕ್ಲಿನಿಕ್ಕಿನಿಂದ ಬಂದು ಬಟ್ಟೆ ಮಡಿಸುವಾಗ, ಪಾತ್ರೆ ಒರೆಸುವಾಗ, ಎರಡು ಕೋಣೆಗಳ ಕಡೆಗೂ ಕಿವಿಕೊಡುತ್ತಿದ್ದಳು. ಯಾವ ಕಡೆಯಿಂದಲೂ ಕರೆ ಬರುತ್ತಿರಲಿಲ್ಲ. ಅವಳೇ ಹೋಗಿ ಕ್ಷಮೆ ಕೇಳಿದ್ದಳು, ಇಬ್ಬರನ್ನೂ, ಬೇರೆ ಬೇರೆಯಾಗಿ. ಬಡಗಿ, ಆಯಿತು ಬಿಡು ಎಂದಿದ್ದ. ಪುಟ್ಟಿಯೂ ಆಯಿತು ಬಿಡು ಎಂದಿದ್ದಳು. ಮೊದಲ ಸಲ ಇಬ್ಬರ ಮಾತೂ ಒಂದೇ ಆಗಿತ್ತು.

ರಜೆ ಮುಗಿಯುತ್ತ ಬಂದಿತ್ತು. ಒಂದು ಸಂಜೆ ತಾಯಿ ಪುಟ್ಟಿಯ ಕೋಣೆಗೆ ಒಗೆದ ಬಟ್ಟೆ ಇಡಲು ಹೋದಾಗ ಪುಟ್ಟಿ ಪರದೆಯಿಂದ ಕಣ್ಣು ತೆಗೆಯದೆ, "ಅಮ್ಮ, ಅಪ್ಪನ್ನ ಒಂಚೂರು ಕರಿ" ಎಂದಳು.

ತಾಯಿಯ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಪರದೆಯ ಮೇಲೆ ಒಂದು ಮನೆ ಏಳುತ್ತಿತ್ತು. ಕಂಬ, ತೊಲೆ, ಅರ್ಧ ಹೊದಿಸಿದ ಸೂರು. ಮನೆ ಕಟ್ಟುವ ಆಟವಂತೆ ಅದು. ಪುಟ್ಟಿ ಎರಡು ದಿನದಿಂದ ಅದರ ಬಾಗಿಲಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದಳು.

"ಚೌಕಟ್ಟು ಕೂರಿಸಿದರೆ ಗೋಡೆ ವಾಲುತ್ತೆ. ಮೊದಲು ಏನು ಕೂರಿಸಬೇಕು ಅಂತ ಅಪ್ಪನಿಗೆ ಗೊತ್ತಿರುತ್ತೆ. ಬಂದು ನೋಡಲಿ. ಆಟಾನೂ ತೋರಿಸ್ತೀನಿ."

ತಾಯಿ ಬಟ್ಟೆಯನ್ನು ಮಂಚದ ಮೇಲೆ ಹಾಕಿ ಹೊರಟಳು. ಈ ಸಲ ದಾರಿಯಲ್ಲಿ ಒಂದಕ್ಷರವೂ ಆಚೀಚೆಯಾಗದ ಹಾಗೆ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಡೆದಳು. ಬಡಗಿ ಕುರ್ಚಿಯೊಂದರ ಕಾಲನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಅವಳು ಹೇಳಿದಳು. ಬಾಗಿಲಿನ ವಿಷಯ, ವಾಲುವ ಗೋಡೆಯ ವಿಷಯ, ಅಪ್ಪನಿಗೆ ಗೊತ್ತಿರುತ್ತೆ ಎಂದದ್ದು, ಆಟ ತೋರಿಸುತ್ತೇನೆ ಎಂದದ್ದು, ಎಲ್ಲವನ್ನೂ ಪುಟ್ಟಿ ಹೇಳಿದ ಸಾಲಿನಲ್ಲೇ ಹೇಳಿದಳು.

ಬಡಗಿ ಕೇಳಿಸಿಕೊಂಡ. ಅವನ ಕಣ್ಣಿನಲ್ಲಿ ಏನೋ ಮಿನುಗಿದ ಹಾಗಾಯಿತು. ಆಮೇಲೆ ಅವನು ಹೆಂಡತಿಯ ಮುಖವನ್ನು, ಖೋಟಾ ನೋಟು ನೋಡುವ ಹಾಗೆ, ನೋಡಿದ.

"ಅವಳು ಹಾಗಂದಳಾ," ಎಂದ, "ಇಲ್ಲ, ನೀನು ಅಂದದ್ದಾ?"

"ಅವಳೇ ಅಂದದ್ದು. ಆಣೆ ಮಾಡಲಾ?"

"ಬೇಡ" ಎಂದು ಅವನು ಮತ್ತೆ ಕುರ್ಚಿಯ ಕಾಲಿಗೆ ಬಾಗಿದ.

ತಾಯಿ ಒಳಗೆ ಬಂದಳು. ಪುಟ್ಟಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಸ್ಟೂಲು ಹಾಕಿಟ್ಟಿದ್ದಳು. "ಬಂದರಾ? ಏನಂದರು?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೈ ತೊಳೆದುಕೊಂಡು ಬರುತ್ತಾರಂತೆ. ಅಂಟು ಹಚ್ಚಿದ್ದಾರೆ, ಆಮೇಲೆ ಬರುತ್ತಾರಂತೆ. ಎಷ್ಟು ಸುಲಭವಾಗಿತ್ತು. ತಾಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"'ಅವಳು ಹಾಗಂದಳಾ, ಇಲ್ಲ ನೀನು ಅಂದದ್ದಾ' ಅಂದರು."

ಪುಟ್ಟಿ ತಾಯಿಯ ಕಡೆ ತಿರುಗಿದಳು. "ಹೋಗಿ ಹೇಳು..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಎದ್ದು ಹೋಗುತ್ತಾಳೇನೋ ಎಂದು ತಾಯಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ಹೊರಗೆ ಉಪ್ಪುಕಾಗದದ ಸದ್ದು ನಿಂತಿತ್ತು. ಅವನು ಕಾಯುತ್ತಿದ್ದಾನೆ, ಒಂದು ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಿದ್ದಾನೆ ಎಂದು ಅವಳಿಗೆ ತಿಳಿಯಿತು. ಅದನ್ನು ಪುಟ್ಟಿಗೆ ಹೇಳಬಹುದಿತ್ತು. ಹೇಳಿದರೆ ಅದೂ ಅವಳದೇ ಮಾತಾಗುತ್ತಿತ್ತು.

"ಬಿಡು" ಎಂದು ಪುಟ್ಟಿ ಹೆಡ್‌ಫೋನ್ ಏರಿಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ವರಾಂಡದಲ್ಲಿ ಮರ ಉಜ್ಜುವ ಸದ್ದು ಮತ್ತೆ ಶುರುವಾಯಿತು.